ಮೊಳ ಹಾಕುವ ಕೈ: ಕೆ.ಆರ್. ಮಾರುಕಟ್ಟೆಯನ್ನು ಫೋಟೋದಲ್ಲಿ, ಜಲವರ್ಣದಲ್ಲಿ ಹಿಡಿಯುವುದು ಹೇಗೆ

ಬೆಂಗಳೂರಿನ ಕೃಷ್ಣರಾಜೇಂದ್ರ ಮಾರುಕಟ್ಟೆಗೆ ಮೊದಲ ಸಲ ಕ್ಯಾಮೆರಾ ಹಿಡಿದು ಹೋದವರು ಸಾಮಾನ್ಯವಾಗಿ ಒಂದೇ ಚಿತ್ರ ತರುತ್ತಾರೆ. ಮುಂದೆ ಚೆಂಡು ಹೂವಿನ ಹಳದಿ ರಾಶಿ, ಪಕ್ಕದಲ್ಲಿ ಕಿತ್ತಳೆ ರಾಶಿ, ಹಿಂದೆ ಅರ್ಧ ಕತ್ತರಿಸಿಹೋದ ಯಾರದೋ ತಲೆ. ಬಣ್ಣ ಕಣ್ಣಿಗೆ ರಾಚುತ್ತದೆ, ಆದರೆ ವಾರ ಕಳೆದ ಮೇಲೆ ಆ ಚಿತ್ರ ಯಾರಿಗೂ ನೆನಪಿರುವುದಿಲ್ಲ. ಅದರಲ್ಲಿ ಸಾಮಾನು ಇದೆ, ವ್ಯಾಪಾರ ಇಲ್ಲ. ಹೂವಿನ ರಾಶಿ ತೋಟದಲ್ಲೂ ಸಿಗುತ್ತದೆ, ಮದುವೆ ಮಂಟಪದ ಹಿಂಬದಿಯಲ್ಲೂ ಸಿಗುತ್ತದೆ. ಒಬ್ಬರು ಅಳೆದು ಕೊಡುವುದು, ಇನ್ನೊಬ್ಬರು ಕಣ್ಣಲ್ಲೇ ತೂಗಿ ನೋಡಿ ಕೊಳ್ಳುವುದು ಸಿಗುವುದು ಇಲ್ಲಿ ಮಾತ್ರ. ಈ ಲೇಖನದ ಪ್ರತಿ ಹೆಜ್ಜೆಯೂ ಆ ಒಂದು ಕ್ಷಣವನ್ನು ಹಿಡಿಯುವುದಕ್ಕಾಗಿಯೇ.

1928ರಲ್ಲಿ ಶುರುವಾದ, ಹಳಬರ ಬಾಯಲ್ಲಿ ಇವತ್ತಿಗೂ ಸಿಟಿ ಮಾರ್ಕೆಟ್ಟೇ ಆಗಿರುವ ಈ ಜಾಗವನ್ನು ಉದಾಹರಣೆಗೆ ಇಟ್ಟುಕೊಂಡಿದ್ದೇವೆ. ಇಲ್ಲಿ ಹೇಳಿದ್ದು ಮೈಸೂರಿನ ದೇವರಾಜ ಮಾರುಕಟ್ಟೆಗೂ ನಿಮ್ಮೂರಿನ ವಾರದ ಸಂತೆಗೂ ಸಣ್ಣಪುಟ್ಟ ಬದಲಾವಣೆಯೊಂದಿಗೆ ಹೊಂದುತ್ತದೆ.

ಹೆಜ್ಜೆ 1: ಹೋಗುವ ಮೊದಲೇ ಒಂದು ಕೆಲಸ ಆರಿಸಿಕೊಳ್ಳಿ

"ಮಾರ್ಕೆಟ್ ಫೋಟೋ ತೆಗೀಬೇಕು" ಎಂದು ಹೊರಟರೆ ಎಲ್ಲವನ್ನೂ ತೆಗೆಯುತ್ತೀರಿ, ಒಂದೂ ಸಿಗುವುದಿಲ್ಲ. ಬದಲಿಗೆ ಒಂದು ಕೆಲಸದ ಹೆಸರು ಬರೆದುಕೊಳ್ಳಿ: ಹೂ ಕಟ್ಟುವುದು, ಮೊಳ ಹಾಕುವುದು, ತಕ್ಕಡಿಯಲ್ಲಿ ತೂಗುವುದು, ಮೂಟೆ ಹೊರುವುದು, ಮೂಟೆ ಬಿಚ್ಚಿ ಸುರಿಯುವುದು, ಚೌಕಾಸಿ. ಒಂದು ಬೆಳಗಿಗೆ ಒಂದು ಸಾಕು.

ಮಾರುಕಟ್ಟೆಯನ್ನು ಚಿತ್ರಿಸಿದವರು ಮೊದಲಿನಿಂದಲೂ ಈ ಆಯ್ಕೆ ಮಾಡುತ್ತಲೇ ಬಂದಿದ್ದಾರೆ. 16ನೇ ಶತಮಾನದಲ್ಲಿ ಡಚ್ ಚಿತ್ರಕಾರ ಪೀಟರ್ ಆರ್ಟ್ಸನ್ ಮಾಂಸದಂಗಡಿಯೊಂದನ್ನು ಬರೆದ (1551). ಮುಂಭಾಗದ ತುಂಬ ಮಾಂಸ, ಕೋಳಿ, ಮೀನು. ಹಿಂದೆ ಪುಟ್ಟದಾಗಿ ಯೇಸುವಿನ ತಾಯಿ ಮೇರಿಯ ಕುಟುಂಬ ಭಿಕ್ಷೆ ಕೊಡುತ್ತಾ ಸಾಗುತ್ತಿದೆ. ಅವನ ಬಳಿ ಕಲಿತ ಯೋಆಕಿಂ ಬ್ಯೂಕಲಾರ್ 1569-70ರಲ್ಲಿ ನಾಲ್ಕು ಭೂತಗಳ ಹೆಸರಲ್ಲಿ ನಾಲ್ಕು ದೊಡ್ಡ ಚಿತ್ರ ಬರೆದ. ನೀರಿಗೆ ಮೀನಿನಂಗಡಿ, ಭೂಮಿಗೆ ತರಕಾರಿ, ಗಾಳಿಗೆ ಹಕ್ಕಿಗಳು, ಬೆಂಕಿಗೆ ಅಡುಗೆಮನೆ. ಇಬ್ಬರಲ್ಲೂ ಸಾಮಾನೇ ದೊಡ್ಡದು. ಮೂರು ಶತಮಾನ ದಾಟಿ ಫ್ರಾನ್ಸಿನ ಚಿತ್ರಕಾರ ಕಮೀಲ್ ಪಿಸ್ಸಾರೋಗೆ ಬಂದರೆ ಲೆಕ್ಕ ತಿರುಗುಮುರುಗು. ಪೊಂತ್ವಾಝ್ ಊರಿನ ಕೋಳಿ ಸಂತೆಯನ್ನು ಅವನು 1882ರಲ್ಲಿ ಬರೆದಾಗ ಜನರೇ ಒತ್ತೊತ್ತಾಗಿ ನಿಂತು ಚಿತ್ರ ತುಂಬಿದರು. ಯಾರ ಭುಜ ಯಾರ ಕಡೆ ತಿರುಗಿದೆ, ಯಾರು ಬಗ್ಗಿದ್ದಾರೆ ಎನ್ನುವುದರಲ್ಲೇ ವ್ಯಾಪಾರ ಗೊತ್ತಾಗುತ್ತದೆ. ಮಾರುಕಟ್ಟೆಯ ಚಿತ್ರ ಕಲಿಯುವವರಿಗೆ ನಮ್ಮ ಸಲಹೆ ಪಿಸ್ಸಾರೋ ದಾರಿ. ರಾಶಿಯ ಸೊಬಗು ಬೇಗ ಕೈಗೆ ಸಿಗುತ್ತದೆ, ಜನರ ನಿಲುವು ಸಿಗಲು ವರ್ಷ ಬೇಕು. ಕಷ್ಟದ್ದನ್ನು ಮೊದಲೇ ಶುರು ಮಾಡುವುದು ಒಳ್ಳೆಯದು.

ಹೆಜ್ಜೆ 2: ದಿನ ಮತ್ತು ಹೊತ್ತು

ಹೂವಿನ ಸಗಟು ವ್ಯಾಪಾರ ನಸುಕಿನಲ್ಲೇ ಬಿರುಸಾಗಿರುತ್ತದೆ. ಬೆಂಗಳೂರಿನಲ್ಲಿ ಸೂರ್ಯೋದಯ ಜೂನ್ ಮೊದಲ ವಾರ ಸುಮಾರು 5:50ಕ್ಕೆ, ಜನವರಿ ಕೊನೆಗೆ 6:45ರ ಆಸುಪಾಸಿಗೆ. ಅದಕ್ಕಿಂತ ಮುಕ್ಕಾಲು ಗಂಟೆ ಮೊದಲು ಅಲ್ಲಿರಿ. ಸೂರ್ಯ ಹುಟ್ಟುವ 20 ನಿಮಿಷ ಮೊದಲಿನಿಂದ ಆಕಾಶದ ನೀಲಿ ಬೆಳಕೂ ಅಂಗಡಿಯ ಬಲ್ಬಿನ ಬೆಳಕೂ ಹೆಚ್ಚುಕಡಿಮೆ ಸಮ ಆಗುತ್ತವೆ. ಈ ಅವಕಾಶ ಇರುವುದು ಕಾಲು ಗಂಟೆ ಮಾತ್ರ. ಆಗ ಮಾತ್ರ ಬೀದಿಬದಿಯ ಬುಟ್ಟಿಯೂ ಹಿಂದಿನ ಕಟ್ಟಡವೂ ಒಂದೇ ಚಿತ್ರದಲ್ಲಿ ಸರಿಯಾಗಿ ಬರುತ್ತವೆ. ಎಂಟೂವರೆ ಒಂಬತ್ತರ ಮೇಲೆ ಬಿಸಿಲು ಟಾರ್ಪಾಲಿನ ಸಂದುಗಳಿಂದ ಚೂರುಚೂರಾಗಿ ಬೀಳತೊಡಗುತ್ತದೆ. ಮುಖದ ಮೇಲೆ ಅರ್ಧ ಬಿಳಿ, ಅರ್ಧ ಕಪ್ಪು. ಆ ಹೊತ್ತಿಗೆ ಕ್ಯಾಮೆರಾ ಒಳಗಿಟ್ಟು ಸ್ಕೆಚ್ ಪುಸ್ತಕ ತೆಗೆಯಿರಿ.

ವರಮಹಾಲಕ್ಷ್ಮಿ ಹಬ್ಬದ ಅಥವಾ ಆಯುಧಪೂಜೆಯ ಹಿಂದಿನ ದಿನ ಹೊಸಬರು ಹೋಗಬೇಡಿ. ಬೂದುಗುಂಬಳ, ಬಾಳೆಕಂದು, ಸೇವಂತಿಗೆ ಬೆಟ್ಟದಂತೆ ಬಿದ್ದಿರುವುದು ನಿಜ, ಆದರೆ ನಿಲ್ಲಲು ಒಂದು ಅಡಿ ಜಾಗ ಇರುವುದಿಲ್ಲ. ನಿಮ್ಮಿಂದ ಅವರ ವ್ಯಾಪಾರಕ್ಕೆ ಅಡ್ಡಿಯಾಗುತ್ತದೆ, ಅವರ ಗಡಿಬಿಡಿಯಲ್ಲಿ ನಿಮಗೆ ಏನೂ ಸಿಗುವುದಿಲ್ಲ. ಪರಿಚಯ ಬೆಳೆಸಲು ಒಳ್ಳೆಯ ಕಾಲ ಆಷಾಢ. ಮದುವೆ ಮುಂಜಿ ಇರುವುದಿಲ್ಲ, ಹೂವಿಗೆ ಬೇಡಿಕೆ ತಗ್ಗಿರುತ್ತದೆ, ಮಾತಾಡಲು ಪುರುಸೊತ್ತಿರುತ್ತದೆ. ಆಷಾಢದಲ್ಲಿ ಮುಖಪರಿಚಯ ಆದರೆ ಶ್ರಾವಣದ ಜಂಗುಳಿಯಲ್ಲಿ ಅವರೇ ನಿಮಗೆ ಜಾಗ ಬಿಟ್ಟುಕೊಡುತ್ತಾರೆ.

ಮೆಟ್ರೊ ಹಸಿರು ಮಾರ್ಗದ ಕೃಷ್ಣರಾಜೇಂದ್ರ ಮಾರುಕಟ್ಟೆ ನಿಲ್ದಾಣ ಹತ್ತಿರದಲ್ಲೇ ಇದೆ. ಕಾರು ತರಬೇಡಿ, ನಿಲ್ಲಿಸುವ ಗೋಳು ಒಂದಾದರೆ, ಎಸಿ ಕಾರಿನಿಂದ ಇಳಿದು ನೀರು ಚಿಮುಕಿಸಿದ ಹೂವಿನ ನಡುವೆ ಹೋದಾಗ ಲೆನ್ಸ್ ಮೇಲೆ ಮಂಜು ಕಟ್ಟುವುದು ಇನ್ನೊಂದು. ಕಟ್ಟಿದರೆ ಒರೆಸಬೇಡಿ, ಹತ್ತು ನಿಮಿಷ ಹಾಗೇ ಬಿಡಿ.

ಹೆಜ್ಜೆ 3: ಏನು ಒಯ್ಯಬೇಕು

ಒಂದು ಕ್ಯಾಮೆರಾ, ಒಂದೇ ಲೆನ್ಸ್: ಅಗಲ ನೋಟದ 28 ಅಥವಾ 35 ಮಿಮೀ. ಮೇಲಂತಸ್ತಿನಿಂದ ತೆಗೆಯುವುದಿದ್ದರೆ ಮಾತ್ರ ದೂರದ್ದನ್ನು ಹತ್ತಿರ ತರುವ 85 ಮಿಮೀ ಆಸುಪಾಸಿನದು ಜೇಬಿನಲ್ಲಿರಲಿ. ಫೋನಾದರೂ ಸಾಕು. ಟ್ರೈಪಾಡ್ ಬೇಡ, ಕಿರಿದಾದ ಓಣಿಯಲ್ಲಿ ಮೂಟೆ ಹೊತ್ತವರ ಕಾಲಿಗೆ ತೊಡರುತ್ತದೆ. ಫ್ಲ್ಯಾಶ್ ಬೇಡವೇ ಬೇಡ. ತಲೆ ಮೇಲೆ 40 ಕೆ.ಜಿ. ಇಟ್ಟುಕೊಂಡು ನಡೆಯುವವರ ಕಣ್ಣಿಗೆ ಅದನ್ನು ಹೊಡೆಯುವುದು ಅಪಾಯ. ಚಿತ್ರಕ್ಕೆ ಎ5 ಅಳತೆಯ ಸ್ಕೆಚ್ ಪುಸ್ತಕ, 4ಬಿ ಪೆನ್ಸಿಲ್, ಒಂದು ಕಪ್ಪು ಪೆನ್ನು. ಹಿಡಿತವಿರುವ ಬೂಟು ಹಾಕಿ, ನೆಲದ ತುಂಬ ಒದ್ದೆ ಎಲೆ, ಬಾಳೆಪಟ್ಟೆ ಬಿದ್ದಿರುತ್ತದೆ. ಚೀಲ ಎದೆಯ ಕಡೆ ಇರಲಿ. ಹತ್ತು, ಇಪ್ಪತ್ತರ ಚಿಲ್ಲರೆ ನೋಟು ಇಟ್ಟುಕೊಳ್ಳಿ.

ಹೆಜ್ಜೆ 4: ಮಾತು ಮೊದಲು, ಕ್ಯಾಮೆರಾ ಆಮೇಲೆ

ಬೋಣಿ ಆಗುವವರೆಗೆ ಅಂಗಡಿ ಮುಂದೆ ನಿಲ್ಲಬೇಡಿ. ದಿನದ ಮೊದಲ ವ್ಯಾಪಾರಕ್ಕೆ ಮುಂಚೆ ಬಂದು, ಏನೂ ಕೊಳ್ಳದೆ ಅಂಗಡಿಗೆ ಅಡ್ಡ ನಿಲ್ಲುವುದನ್ನು ಯಾರೂ ಸಹಿಸುವುದಿಲ್ಲ, ಸಹಿಸಬೇಕಾಗಿಯೂ ಇಲ್ಲ. ಬೋಣಿಯಾದ ಮೇಲೆ ಒಂದು ಮೊಳ ಮಲ್ಲಿಗೆಯನ್ನೋ ಕಾಲು ಕೆ.ಜಿ. ಬಿಡಿ ಸೇವಂತಿಗೆಯನ್ನೋ ಕೊಳ್ಳಿ. ಚೌಕಾಸಿ ಮಾಡಬೇಡಿ. "ಅಕ್ಕಾ, ನೀವು ಮೊಳ ಹಾಕೋದು ಒಂದು ಫೋಟೋ ತೆಗೀಲಾ?" ಎಂದು ಕೇಳಿ. ಏನು ತೆಗೆಯುತ್ತೀರಿ ಎಂದು ಹೆಸರಿಟ್ಟು ಕೇಳಿದರೆ ಅರ್ಧ ಅನುಮಾನ ಅಲ್ಲೇ ಕರಗುತ್ತದೆ. ಬರೀ "ಫೋಟೋ ತೆಗೀಲಾ?" ಎಂದರೆ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತುಬಿಡುತ್ತಾರೆ, ಕೆಲಸ ನಿಂತುಹೋಗುತ್ತದೆ. ಹಾಗೆ ಕೂತರೆ ಆ ಚಿತ್ರವನ್ನೂ ತೆಗೆದು, ತೋರಿಸಿ, ಅಲ್ಲೇ ಇರಿ. ಮುಂದಿನ ಗಿರಾಕಿ ಬಂದಾಗ ಕೈ ತಾನಾಗಿ ಕೆಲಸಕ್ಕೆ ಮರಳುತ್ತದೆ.

ಬೇಡ ಎಂದರೆ ಬೇಡ. ತಮಿಳು, ತೆಲುಗು, ಉರ್ದು ಮಾತಾಡುವವರೂ ಇಲ್ಲಿ ಬಹಳ. ಕೈಸನ್ನೆಯೇ ಎಲ್ಲರಿಗೂ ಅರ್ಥವಾಗುವ ಭಾಷೆ. ದೂರದಿಂದ ಜೂಮ್ ಹಾಕಿ ಕದ್ದು ತೆಗೆದ ಚಿತ್ರಗಳಲ್ಲಿ ಒಂದು ತಣ್ಣನೆಯ ದೂರ ಉಳಿದುಬಿಡುತ್ತದೆ, ನೋಡುವವರಿಗೆ ಅದು ತಿಳಿಯುತ್ತದೆ.

ಇನ್ನೊಂದು ಮಾತನ್ನು ಯಾರೂ ಹೇಳಿಕೊಡುವುದಿಲ್ಲ: ಬುಟ್ಟಿಯ ಹೂವನ್ನು ಎತ್ತಿ ಮೂಸಬೇಡಿ. ಮೂಸಿದ ಹೂ ದೇವರಿಗೆ ಸಲ್ಲುವುದಿಲ್ಲ. ಒಳ್ಳೆಯ ಕೋನ ಹುಡುಕುತ್ತಾ ಹೂವಿನ ರಾಶಿಯನ್ನು ದಾಟುವುದು, ಕಾಲು ತಾಗಿಸುವುದು ಇನ್ನೂ ದೊಡ್ಡ ತಪ್ಪು. ಸುತ್ತಿ ಬನ್ನಿ.

ಹೆಜ್ಜೆ 5: ಬೆಳಕಿನ ಮೂರು ತೊಡಕು

ಕೆ.ಆರ್. ಮಾರುಕಟ್ಟೆಯಲ್ಲಿ ಚಿತ್ರಗಳು ಹಾಳಾಗುವುದು ಬಹುತೇಕ ಈ ಮೂರು ಕಾರಣಕ್ಕೆ.

ಮೊದಲನೆಯದು ಟಾರ್ಪಾಲು. ನೀಲಿ ಟಾರ್ಪಾಲಿನಡಿ ನಿಂತು ನೋಡಿದಾಗ ಕಣ್ಣು ಹೊಂದಿಕೊಂಡುಬಿಡುತ್ತದೆ, ಏನೂ ತಪ್ಪು ಕಾಣುವುದಿಲ್ಲ. ಫೋಟೋದಲ್ಲಿ ಮಾತ್ರ ಮುಖ ಬೂದಿ ಬಣ್ಣಕ್ಕೆ ತಿರುಗಿ, ಹಳದಿ ಸೇವಂತಿಗೆ ಹಸಿರಾಗಿರುತ್ತದೆ. ಆ ಹಾಳೆ ಕೆಂಪು ಬೆಳಕನ್ನು ತಡೆದು ನೀಲಿಯನ್ನಷ್ಟೇ ಕೆಳಗೆ ಬಿಡುತ್ತದೆ. ಇಲ್ಲದ ಕೆಂಪನ್ನು ಆಮೇಲೆ ಕಂಪ್ಯೂಟರಿನಲ್ಲಿ ಎಳೆದು ತಂದರೆ ಚಿತ್ರದ ತುಂಬ ಮರಳು ಚೆಲ್ಲಿದಂತೆ ಕಾಳುಕಾಳು ಬರುತ್ತದೆ. ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣಕ್ಕೆ ಕ್ಯಾಮೆರಾವನ್ನು ಹೊಂದಿಸುವ ಸೆಟ್ಟಿಂಗ್) ಬದಲಿಸಿದರೂ ಪೂರ್ತಿ ಸರಿಹೋಗುವುದಿಲ್ಲ. ಇದಕ್ಕೆ ಪರಿಹಾರ ಜಾಗ ಬದಲಿಸುವುದೊಂದೇ. ಟಾರ್ಪಾಲಿನ ಅಂಚಿಗೆ ಬನ್ನಿ. ಬಯಲಿನ ಬೆಳಕು ಪಕ್ಕದಿಂದ ಮುಖಕ್ಕೆ ಬೀಳುವ ಆ ಎರಡು ಮೂರು ಅಡಿಯ ಪಟ್ಟಿಯಲ್ಲಿ ಕೂತ ವ್ಯಾಪಾರಿಯನ್ನು ಆರಿಸಿಕೊಳ್ಳಿ. ಕಿತ್ತಳೆ ಅಥವಾ ಹಳದಿ ಹಾಳೆಯಾದರೆ ಅಷ್ಟು ತೊಂದರೆಯಿಲ್ಲ, ಮೈಬಣ್ಣಕ್ಕೆ ಅದು ಒಪ್ಪುತ್ತದೆ.

ಎರಡನೆಯದು ಎಲ್‌ಇಡಿ ಬಲ್ಬು. ನಮ್ಮ ವಿದ್ಯುತ್ತು 50 ಹರ್ಟ್ಸ್, ಅಗ್ಗದ ಬಲ್ಬುಗಳು ಸೆಕೆಂಡಿಗೆ 100 ಬಾರಿ ಮಿಣುಕುತ್ತವೆ. ಶಟರ್ (ಕ್ಯಾಮೆರಾಕ್ಕೆ ಬೆಳಕು ಬಿಡುವ ಬಾಗಿಲು) 1/100 ಸೆಕೆಂಡಿಗಿಂತ ವೇಗವಾಗಿ ಮುಚ್ಚಿದರೆ ಚಿತ್ರದಲ್ಲಿ ಅಡ್ಡಡ್ಡ ಕಪ್ಪು ಪಟ್ಟಿ ಬೀಳಬಹುದು. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್‌ನಲ್ಲೂ ಫೋನಿನಲ್ಲೂ ಇದು ಜಾಸ್ತಿ. ಮೊದಲು ಒಂದು ಪರೀಕ್ಷೆಯ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ. ಪಟ್ಟಿ ಕಂಡರೆ ಮೆಕ್ಯಾನಿಕಲ್ ಶಟರ್‌ಗೆ ಬದಲಿಸಿ, ವೇಗ 1/100 ಅಥವಾ 1/50ಕ್ಕೆ ಇಳಿಸಿ. ಅಷ್ಟು ನಿಧಾನದಲ್ಲಿ ಓಡಾಡುವ ಕೈ ಮಸುಕಾಗುತ್ತದೆ, ಹಾಗಾಗಿ ಕೈ ಕ್ಷಣಕಾಲ ನಿಲ್ಲುವ ಹೊತ್ತಿಗೆ ಒತ್ತಬೇಕು. ಆ ಹೊತ್ತು ಯಾವುದು ಎಂಬುದು 7ನೇ ಹೆಜ್ಜೆಯಲ್ಲಿದೆ. ನಸುಕಿನ ಹೊತ್ತಿಗೆ ವೈಟ್ ಬ್ಯಾಲೆನ್ಸನ್ನು ಆಟೋದಲ್ಲಿ ಬಿಡದೆ 4000ದಿಂದ 4500 ಕೆಲ್ವಿನ್‌ಗೆ ಕಟ್ಟಿಹಾಕಿ. ಹಳದಿ ಬಲ್ಬು ಬೆಚ್ಚಗೂ ಹೊರಗಿನ ಆಕಾಶ ನೀಲಿಯಾಗೂ ಉಳಿಯುತ್ತವೆ. ಆಟೋ ಎರಡನ್ನೂ ಸಮ ಮಾಡಲು ಹೋಗಿ ನಸುಕನ್ನೇ ಅಳಿಸಿಬಿಡುತ್ತದೆ. ಒಂದೇ ದೀಪದಿಂದ ಇಡೀ ಸಂತೆಯನ್ನು ಹೇಗೆ ಕಟ್ಟಬಹುದು ಎಂದು ನೋಡಬೇಕಿದ್ದರೆ 19ನೇ ಶತಮಾನದ ಪೆಟ್ರಸ್ ವಾನ್ ಶೆಂಡೆಲ್‌ನ ಮೋಂಬತ್ತಿ ಬೆಳಕಿನ ರಾತ್ರಿ ಸಂತೆಗಳನ್ನು ನೋಡಿ. ದೀಪ ಇರುವುದು ಮುಖಕ್ಕೆ ಮೊಳ ದೂರದಲ್ಲಿ, ಉಳಿದದ್ದೆಲ್ಲ ಕತ್ತಲಿಗೆ ಬಿಟ್ಟದ್ದು.

ಮೂರನೆಯದು ಚೆಂಡು ಹೂವೇ. ಕಿತ್ತಳೆ, ಕನಕಾಂಬರ, ಕೆಂಪು ಗುಲಾಬಿ, ದೇವರಾಜ ಮಾರುಕಟ್ಟೆಯ ಕುಂಕುಮದ ಗೋಪುರ ಎಲ್ಲದರಲ್ಲೂ ಕೆಂಪು ಅಂಶ ಅತಿ ಹೆಚ್ಚು. ಒಟ್ಟು ಬೆಳಕು ಸರಿಯಿದೆ ಎಂದು ಕ್ಯಾಮೆರಾ ಹೇಳುವಾಗಲೇ ಕೆಂಪಿನ ಪಾತ್ರೆ ತುಂಬಿ ಚೆಲ್ಲಿರುತ್ತದೆ. ಪರಿಣಾಮ, ಎಸಳಿನ ಗೆರೆಗಳೆಲ್ಲ ಹೋಗಿ ಹೂವು ಪ್ಲಾಸ್ಟಿಕ್ ಮುದ್ದೆಯಂತೆ ಕಾಣುತ್ತದೆ. ಎಕ್ಸ್‌ಪೋಷರ್ (ಕ್ಯಾಮೆರಾ ಒಳಗೆ ಬಿಡುವ ಬೆಳಕು) 2/3 ಸ್ಟಾಪ್ ಕಡಿಮೆ ಮಾಡಿ; ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ ಅಥವಾ ಅರ್ಧ ಆಗುವಷ್ಟು. ಕೆಂಪು-ಹಸಿರು-ನೀಲಿ ಬೇರೆ ಬೇರೆ ತೋರಿಸುವ ಹಿಸ್ಟೋಗ್ರಾಂ (ಎಡಕ್ಕೆ ಕತ್ತಲು, ಬಲಕ್ಕೆ ಹೊಳಪು ತೋರಿಸುವ ನಕ್ಷೆ) ನೋಡಿ, ಕೆಂಪು ಬಲಗೋಡೆಗೆ ಬಡಿಯದಂತೆ ಇಳಿಸಿ. ರಾ ಫೈಲ್ (ಕ್ಯಾಮೆರಾ ತಿದ್ದದೆ ಉಳಿಸುವ ಮೂಲ ಪ್ರತಿ) ಇಡಿ. ಫೋನಿನಲ್ಲಿ ಬಣ್ಣ ಏರಿಸುವ ವಿವಿಡ್ ಮೋಡ್ ಆಫ್ ಮಾಡಿ. ಮಲ್ಲಿಗೆ ಬುಟ್ಟಿಗೆ ಇದೇ ಉಲ್ಟಾ. ಬಿಳಿಯನ್ನು ಬೂದು ಮಾಡುವುದು ಕ್ಯಾಮೆರಾದೊಳಗಿನ ಬೆಳಕಳೆಯುವ ಮೀಟರಿನ ಸ್ವಭಾವ, ಹಾಗಾಗಿ ಚೌಕಟ್ಟಿನ ತುಂಬ ಮಲ್ಲಿಗೆಯಿದ್ದರೆ ಒಂದು ಸ್ಟಾಪಿನವರೆಗೂ ಏರಿಸಿ. ಭಾರತದ ಬೀದಿಗಳನ್ನು ಬಣ್ಣದಲ್ಲೇ ಕಂಡ ರಘುಬೀರ್ ಸಿಂಗ್ (1942–1999) ಬಳಸಿದ್ದು ಸ್ಲೈಡ್ ಫಿಲ್ಮ್, ಅಂದರೆ ನೇರವಾಗಿ ಪಾರದರ್ಶಕ ಬಣ್ಣದ ಚಿತ್ರ ಕೊಡುವ ಫಿಲ್ಮ್. ಅದರಲ್ಲಿ ಬೆಳಕು ಚೆಲ್ಲಿದರೆ ಮರಳಿ ಪಡೆಯುವಂತೆಯೇ ಇಲ್ಲ. ಹೊಳಪಿಗೆ ಅಳೆದು ನೆರಳನ್ನು ನೆರಳಾಗಿಯೇ ಬಿಡುವ ಆ ಶಿಸ್ತು ಚೆಂಡು ಹೂವಿಗೆ ಇವತ್ತಿಗೂ ಸರಿ.

ಹೆಜ್ಜೆ 6: ಮೇಲಿನಿಂದ ಒಮ್ಮೆ

ಹೂವಿನ ಅಂಗಳವನ್ನು ಮೇಲಂತಸ್ತಿನಿಂದ ಬಗ್ಗಿ ನೋಡುವ ಚಿತ್ರ ಬಹಳ ಪ್ರಸಿದ್ಧ. ಅದನ್ನು ತೆಗೆಯುವುದು ತಪ್ಪಲ್ಲ, ಅದನ್ನೇ ಎಲ್ಲರಂತೆ ತೆಗೆದು ಇಳಿದು ಬರುವುದು ನಷ್ಟ. ಮೇಲಿನಿಂದ ಮುಖ ಕಾಣುವುದಿಲ್ಲ. ತಲೆ, ಹೆಗಲು, ಬುಟ್ಟಿ ಅಷ್ಟೇ. ಆದ್ದರಿಂದ ಆಕಾರವೇ ಚಿತ್ರವಾಗಬೇಕು. ನಾಲ್ಕು ಬುಟ್ಟಿ ಇರುವ ಒಂದು ಸಣ್ಣ ಚೌಕ ಆರಿಸಿ, 85 ಮಿಮೀ ಅಥವಾ ಫೋನಿನ 2 ಪಟ್ಟು ಜೂಮ್ ಹಾಕಿ, ಚೌಕಟ್ಟನ್ನು ಅಲುಗಾಡಿಸದೆ 15 ನಿಮಿಷ ಕಾಯಿರಿ. ಯಾರಾದರೂ ಮೂಟೆ ಬಿಚ್ಚಿ ಸುರಿಯುವಾಗ, ಇಬ್ಬರ ಕೈ ಬುಟ್ಟಿಯ ಮೇಲೆ ಸೇರುವಾಗ ಒತ್ತಿ. ತಲೆಗಳು ಒಂದಕ್ಕೊಂದು ಅಂಟದೆ, ನಡುವೆ ನೆಲ ಕಾಣುವ ಕ್ಷಣವೇ ಬೇಕು. ಕ್ಯಾಮೆರಾದ ಪಟ್ಟಿಯನ್ನು ಮಣಿಕಟ್ಟಿಗೆ ಸುತ್ತಿಕೊಳ್ಳಿ, ಲೆನ್ಸಿನ ಮುಚ್ಚಳ ಚೀಲದಲ್ಲಿರಲಿ. ಕೆಳಗೆ ಜನ ಇದ್ದಾರೆ.

ಹೆಜ್ಜೆ 7: ನೆಲಕ್ಕಿಳಿದು, ಮೊಳ ಹಾಕುವ ಕೈಗೆ

ಇಲ್ಲೇ ಹೆಚ್ಚು ಹೊತ್ತು ಕಳೆಯಿರಿ. ಮಾರುವವರ ಎದುರು ನಿಲ್ಲಬೇಡಿ, ಅದು ಗಿರಾಕಿಯ ಜಾಗ. ಪಕ್ಕದಲ್ಲಿ, ಒಂದೂವರೆ ಮೀಟರ್ ದೂರದಲ್ಲಿ ಕುಕ್ಕರುಗಾಲಲ್ಲಿ ಕೂತುಕೊಳ್ಳಿ. ನಿಮ್ಮ ಕಣ್ಣು ಅವರ ಕೈಯ ಮಟ್ಟಕ್ಕೆ ಬರಲಿ. ಹಿನ್ನೆಲೆಯಲ್ಲಿ ಏನಿದೆ ಎಂದು ಮೊದಲು ನೋಡಿ: ಉರಿಯುವ ಬಲ್ಬು, ಬಿಳಿ ಪ್ಲಾಸ್ಟಿಕ್ ಚೀಲ, ಹೊಳೆಯುವ ಜಾಹೀರಾತು ಇದ್ದರೆ ಅರ್ಧ ಅಡಿ ಅತ್ತಿತ್ತ ಸರಿದು ಅವನ್ನು ಯಾರದಾದರೂ ಬೆನ್ನ ಹಿಂದೆ ಮರೆಮಾಡಿ.

ಈಗ ಕೈ ನೋಡಿ. ಮೊಳ ಎಂದರೆ ಮೊಣಕೈಯಿಂದ ನಡುಬೆರಳ ತುದಿಯವರೆಗಿನ ಉದ್ದ. ಮಾರು ಎಂದರೆ ಎರಡೂ ಕೈ ಚಾಚಿದಷ್ಟು. ಕೆಲಸ ಮೂರು ಭಾಗದ್ದು. ಬುಟ್ಟಿಯ ಸುರುಳಿಯಿಂದ ಹೂಮಾಲೆಯ ತುದಿ ಎಳೆಯುವುದು, ಮೊಣಕೈಗೆ ಹಿಡಿದು ಅಳೆಯುವುದು, ಕತ್ತರಿಸಿ ಎಲೆಯಲ್ಲೋ ಕಾಗದದಲ್ಲೋ ಸುತ್ತಿ ಕೊಡುವುದು. ಎಲ್ಲ ಸೇರಿ ಕೆಲವೇ ಸೆಕೆಂಡು. ಎಳೆಯುವಾಗ ಕೈ ವೇಗವಾಗಿರುತ್ತದೆ, ಮಸುಕಾಗುತ್ತದೆ. ಕೊಡುವಾಗ ಇಬ್ಬರ ಕಣ್ಣೂ ದುಡ್ಡಿನ ಕಡೆ ಹೋಗಿರುತ್ತದೆ. ನಡುವೆ, ಮಾಲೆ ಬೆರಳ ತುದಿಗೆ ಮುಟ್ಟಿ ಬಿಗಿಯಾದಾಗ, ಕೈ ಒಂದು ಚಣ ನಿಲ್ಲುತ್ತದೆ. ಅಳತೆ ಸರಿಯಿದೆಯೇ ಎಂದು ಮಾರುವವರು ನೋಡುತ್ತಾರೆ, ಮೋಸ ಇಲ್ಲವೇ ಎಂದು ಕೊಳ್ಳುವವರೂ ಅದೇ ಬೆರಳನ್ನೇ ನೋಡುತ್ತಾರೆ. ಇಬ್ಬರ ದೃಷ್ಟಿಯೂ ಒಂದೇ ಕಡೆ ಕೂಡುವ ಆ ಚಣವೇ ನಿಮ್ಮ ಚಿತ್ರ. ಕೈ ನಿಂತಿರುವುದರಿಂದ 1/100ರಲ್ಲೂ ಚೂಪಾಗಿ ಬರುತ್ತದೆ. ಹೂ ಕಟ್ಟುವ ಬೆರಳಿಗೆ ಮಾತ್ರ 1/250 ಬೇಕೇ ಬೇಕು, ಅದು ನಿಲ್ಲುವುದೇ ಇಲ್ಲ.

ಸೆಟ್ಟಿಂಗ್ ಹೀಗಿರಲಿ: ನಸುಕಿನಲ್ಲಿ ಎಫ್ 2.8 (ಲೆನ್ಸಿನ ಕಂಡಿ; ಅಂಕಿ ಚಿಕ್ಕದಾದಷ್ಟೂ ಕಂಡಿ ದೊಡ್ಡದು), ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 3200, ಶಟರ್ 1/100ರಿಂದ 1/250. ಕಾಳು ಬಂದರೂ ಚಿಂತೆಯಿಲ್ಲ, ಅಲುಗಿದ ಚಿತ್ರಕ್ಕಿಂತ ಕಾಳಿನ ಚಿತ್ರ ವಾಸಿ. ಹೊತ್ತೇರಿದ ಮೇಲೆ ಫುಲ್ ಫ್ರೇಮ್ (36x24 ಮಿಮೀ ಸೆನ್ಸರಿನ) ಕ್ಯಾಮೆರಾದಲ್ಲಿ 28 ಮಿಮೀ, ಎಫ್ 8, ಫೋಕಸ್ 3 ಮೀಟರ್‌ಗೆ ಕಟ್ಟಿಹಾಕಿದರೆ ಸುಮಾರು 1.6 ಮೀಟರ್‌ನಿಂದ 30 ಮೀಟರ್ ಆಚೆಯವರೆಗೂ ಚೂಪಾಗಿರುತ್ತದೆ. ಮತ್ತೆ ಫೋಕಸ್ ಮುಟ್ಟುವ ಕೆಲಸವೇ ಇಲ್ಲ. ಹಮಾಲಿಯ ಓಟ ತೋರಿಸಬೇಕೇ? 1/30ಕ್ಕೆ ಇಳಿಸಿ, ಅವರ ನಡಿಗೆಯ ಜೊತೆಗೇ ಕ್ಯಾಮೆರಾ ತಿರುಗಿಸುತ್ತಾ ಒತ್ತಿ. ಇಪ್ಪತ್ತು ಸಲ ಪ್ರಯತ್ನಿಸಿದರೆ ಒಂದೆರಡು ದಕ್ಕುತ್ತವೆ. ಅವರು "ದಾರಿ, ದಾರಿ" ಎಂದು ಕೂಗಿದರೆ ಫೋಟೋ ಬಿಟ್ಟು ಗೋಡೆಗೆ ಅಂಟಿಕೊಳ್ಳಿ.

ಹೆಜ್ಜೆ 8: ಕುಂಚಕ್ಕೆ

ಜಾಗದಲ್ಲೇ ಬಣ್ಣ ಹಚ್ಚುವುದು ಕಷ್ಟ. ರೇಖೆ ಅಲ್ಲಿ, ಬಣ್ಣ ಮನೆಯಲ್ಲಿ ಎಂಬುದು ಹೆಚ್ಚು ಜನರಿಗೆ ಹೊಂದುವ ಕ್ರಮ. ಕಂಬಕ್ಕೆ ಒರಗಿ ನಿಂತು 30 ಸೆಕೆಂಡಿನ 20 ಸ್ಕೆಚ್ ಮಾಡಿ. ಮುಖ ಬರೆಯಬೇಡಿ. ಬೆನ್ನಿನ ಬಾಗು, ಮೈಭಾರ ಯಾವ ಕಾಲ ಮೇಲಿದೆ, ಕೈ ಎತ್ತ ಹೋಗಿದೆ, ಈ ಮೂರು ಗೆರೆ ಸಾಕು. ತಲೆಯ ಮೇಲೆ ಸಿಂಬೆ ಇಟ್ಟು ಮೂಟೆ ಹೊತ್ತವರ ಕತ್ತು ಕಂಬದಂತೆ ನೆಟ್ಟಗಿರುತ್ತದೆ, ತೂಗಾಟವೆಲ್ಲ ಸೊಂಟದಲ್ಲಿ. ಕತ್ತು ಬಾಗಿಸಿ ಬರೆದರೆ ಮೂಟೆ ಈಗಲೇ ಬೀಳುವಂತೆ ಕಾಣುತ್ತದೆ.

ಜನಜಂಗುಳಿ ಬರೆಯುವಾಗ ಆಗುವ ದೊಡ್ಡ ತಪ್ಪು ತಲೆಗಳದ್ದು. ದೂರದವರನ್ನು ಮೇಲೆ, ಹತ್ತಿರದವರನ್ನು ಕೆಳಗೆ ಬರೆದು ಗುಡ್ಡದ ಮೇಲೆ ನಿಂತ ಗುಂಪಿನಂತೆ ಮಾಡಿಬಿಡುತ್ತಾರೆ. ಸಮತಟ್ಟು ನೆಲದ ಮೇಲೆ ನೀವೂ ನಿಂತಿದ್ದರೆ, ನಿಮ್ಮಷ್ಟೇ ಎತ್ತರದ ಎಲ್ಲರ ಕಣ್ಣೂ ಒಂದೇ ಗೆರೆಯ ಮೇಲೆ ಬರಬೇಕು, ಹತ್ತು ಅಡಿ ದೂರದವರಾಗಲಿ ನೂರು ಅಡಿಯವರಾಗಲಿ. ಬದಲಾಗುವುದು ಪಾದ ಮಾತ್ರ. ಕಾಗದದ ಮೇಲೆ ಮೊದಲು ಆ ಗೆರೆ ಎಳೆದುಬಿಡಿ. ಬುಟ್ಟಿಯ ಬಾಯಿಗೂ ಲೆಕ್ಕ ಇದೆ. ಕಣ್ಣಿನ ಎತ್ತರ ಒಂದೂವರೆ ಮೀಟರ್ ಇದ್ದರೆ, 2 ಮೀಟರ್ ದೂರದ ನೆಲದ ಮೇಲಿನ ಬುಟ್ಟಿಯ ಬಾಯಿ 10 ಅಗಲಕ್ಕೆ 6 ಎತ್ತರದ ಅಂಡಾಕಾರ; 6 ಮೀಟರ್ ದೂರದ್ದು 10ಕ್ಕೆ ಎರಡೂವರೆ ಅಷ್ಟೇ. ಎಲ್ಲ ಬುಟ್ಟಿಗೂ ಒಂದೇ ಅಂಡಾಕಾರ ಹಾಕಿದರೆ ನೆಲ ಎದ್ದು ನಿಲ್ಲುತ್ತದೆ.

ಮನೆಗೆ ಬಂದು 5x7 ಸೆಂ.ಮೀ. ಅಳತೆಯ ಮೂರು ಚಿಕ್ಕ ಚೌಕದಲ್ಲಿ ಮೂರೇ ಛಾಯೆಯಲ್ಲಿ ಯೋಜನೆ ಮಾಡಿ: ಕಾಗದದ ಬಿಳಿ, ನಡುಬೂದು, ಕಪ್ಪು. ಟಾರ್ಪಾಲಿನಡಿಯ ಕತ್ತಲು ಒಂದೇ ದೊಡ್ಡ ಕಪ್ಪು ಆಕಾರವಾಗಿ ಕೂಡಿಕೊಳ್ಳಲಿ. ಅದರ ಮುಂದೆ ಒಂದು ಕೈ, ಒಂದು ಮಾಲೆ ಬೆಳಗಲಿ. ಚಿಕ್ಕ ಚೌಕದಲ್ಲಿ ಕಾಣದ ಚಿತ್ರ ದೊಡ್ಡ ಕಾಗದದಲ್ಲಿ ತಾನಾಗಿ ಹುಟ್ಟುವುದಿಲ್ಲ.

ಕಾಗದ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಕದ) ಕೋಲ್ಡ್ ಪ್ರೆಸ್, ಅಂದರೆ ತುಸು ತರಿಯಾದದ್ದು, 28x38 ಸೆಂ.ಮೀ. ಇದಕ್ಕಿಂತ ತೆಳುವಾದರೆ ನೀರು ಬಿದ್ದೊಡನೆ ಅಲೆಯಾಗಿ, ಬಣ್ಣ ತಗ್ಗಿಗೆ ಹೋಗಿ ನಿಲ್ಲುತ್ತದೆ. ಮೊದಲ ಲೇಪ ತೆಳ್ಳಗೆ, ತೇವದಲ್ಲೇ: ಚೆಂಡು ಹೂವಿನ ಕಡೆ ಗ್ಯಾಂಬೋಜ್ ಹಳದಿ, ನೆಲಕ್ಕೆ ರಾ ಸಿಯೆನ್ನಾ (ಹಳದಿ ಕಂದು), ಹಿಂಬದಿಗೆ ನೀಲಿ ಬೂದು. ಮಲ್ಲಿಗೆಯ ಜಾಗ ಕಾಗದವಾಗಿಯೇ ಉಳಿಯಲಿ. ಪೂರ್ತಿ ಒಣಗಲು ಬಿಡಿ. ಮಳೆಗಾಲದಲ್ಲಿ ಇದಕ್ಕೆ ಅರ್ಧ ಗಂಟೆ ಬೇಕಾದೀತು, ಅರೆಬರೆ ಒಣಗಿದಾಗ ಮುಟ್ಟಿದರೆ ಹೂಕೋಸಿನಂಥ ಕಲೆ ಏಳುತ್ತದೆ.

ಎರಡನೆಯ ಲೇಪದಲ್ಲಿ ಚೆಂಡು ಹೂವಿನ ನೆರಳು. ಹಳದಿಯ ಎದುರು ಬಣ್ಣ ನೇರಳೆ ಎಂದು ಪುಸ್ತಕ ನೋಡಿ ನೇರಳೆ ಬೆರೆಸುತ್ತಾರೆ, ಕೆಸರಾಗುತ್ತದೆ. ಕಪ್ಪು ಬೆರೆಸಿದರೆ ಹಳದಿ ಹಸಿರಿಗೆ ತಿರುಗುತ್ತದೆ. ಚೆಂಡು ಹೂವಿನ ನಡುವೆ ಬೆಳಕು ಎಸಳಿಂದ ಎಸಳಿಗೆ ಬಡಿದು ಒಳಗೆ ಇನ್ನಷ್ಟು ಕೆಂಪಾಗುತ್ತದೆ; ಅದರ ನೆರಳು ತಣ್ಣಗಲ್ಲ, ಬಿಸಿ. ಹಾಗಾಗಿ ನಡುಛಾಯೆಗೆ ಕ್ಯಾಡ್ಮಿಯಂ ಆರೆಂಜ್, ಆಳಕ್ಕೆ ಬರ್ನ್ಟ್ ಸಿಯೆನ್ನಾ (ಕೆಂಗಂದು) ಜೊತೆ ತುಸು ಅಲಿಜರಿನ್ ಕ್ರಿಮ್ಸನ್ (ಕಡುಗೆಂಪು). ಮಲ್ಲಿಗೆಯ ನೆರಳಿಗೆ ಕೋಬಾಲ್ಟ್ ನೀಲಿಯನ್ನು ಬಹಳ ನೀರಾಗಿಸಿ, ಚೂರು ರಾ ಸಿಯೆನ್ನಾ. ಹಿಂಬದಿಯ ಕತ್ತಲಿಗೆ ಟ್ಯೂಬಿನ ಕಪ್ಪು ಬೇಡ. ಅಲ್ಟ್ರಾಮರೀನ್ ನೀಲಿ ಮತ್ತು ಬರ್ನ್ಟ್ ಸಿಯೆನ್ನಾ ಗಟ್ಟಿಯಾಗಿ ಬೆರೆಸಿದರೆ ಉಸಿರಾಡುವ ಕಪ್ಪು ಸಿಗುತ್ತದೆ.

ರಾಶಿಯಲ್ಲಿ ಎಲ್ಲ ಹೂವನ್ನೂ ಬರೆಯಬೇಡಿ. ಬೆಳಕು ನೆರಳಿಗೆ ತಿರುಗುವ ಅಂಚಿನಲ್ಲಿ ಹತ್ತು ಹನ್ನೆರಡು ಹೂವಿಗೆ ಮಾತ್ರ ಎಸಳು ತೋರಿಸಿ, ಉಳಿದದ್ದು ಬಣ್ಣದ ಹರಿವಾಗಿರಲಿ. ಅಂಗಡಿ ಬೋರ್ಡಿನ ಕನ್ನಡ ಅಕ್ಷರ ಬರೆದರೆ ಸರಿಯಾಗಿ ಬರೆಯಿರಿ, ಇಲ್ಲವೇ ಬರೀ ಛಾಯೆಯಾಗಿ ಬಿಡಿ. ಅಕ್ಷರದಂತೆ ಕಾಣುವ ಸುಳ್ಳು ಸುತ್ತುಗಳು ಓದುವ ಕಣ್ಣನ್ನು ಅಲ್ಲೇ ಹಿಡಿದು ನಿಲ್ಲಿಸುತ್ತವೆ. ಕೊನೆಗೆ ಕೈ ಮತ್ತು ಮಾಲೆ. ಚಿತ್ರದ ಅತಿ ಬಿಳಿ ಮತ್ತು ಅತಿ ಕಪ್ಪು ಪಕ್ಕಪಕ್ಕ ಬರುವುದು ಇಲ್ಲಿ ಮಾತ್ರ. ಬೇರೆಯವರ ಫೋಟೋ ನೋಡಿ ಬರೆಯಬೇಡಿ. ಅದು ಅವರ ಕೃತಿ, ಜೊತೆಗೆ ಬೆಳಕು ಎತ್ತಲಿಂದ ಬಂತೆಂದು ನಿಮಗೆ ಗೊತ್ತಿರುವುದಿಲ್ಲ.

ಹೆಜ್ಜೆ 9: ಆರಿಸುವುದು, ತಿದ್ದುವುದು

300 ಫೋಟೋದಲ್ಲಿ 5 ಇಟ್ಟುಕೊಳ್ಳಿ. ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ: ಇಲ್ಲಿ ಯಾರು ಯಾರಿಗೆ ಏನು ಕೊಡುತ್ತಿದ್ದಾರೆ? ಉತ್ತರ ಇಲ್ಲದಿದ್ದರೆ ಎಷ್ಟೇ ಬಣ್ಣವಿದ್ದರೂ ಬಿಡಿ. ತಿದ್ದುವಾಗ ಒಟ್ಟು ಸ್ಯಾಚುರೇಷನ್ (ಬಣ್ಣದ ಗಾಢತೆ) ಮುಟ್ಟದೆ, ಕಿತ್ತಳೆ ಮತ್ತು ಹಳದಿಯ ಹೊಳಪನ್ನು ಮಾತ್ರ ತುಸು ಇಳಿಸಿ, ಎಸಳು ಮರಳಿ ಬರುತ್ತದೆ. ನೀಲಿ ಟಾರ್ಪಾಲಿನಡಿಯ ಚಿತ್ರ ಬಿಡಲು ಮನಸ್ಸಾಗದಿದ್ದರೆ ಕಪ್ಪುಬಿಳುಪು ಮಾಡಿ, ಆದರೆ ಕೆಂಪಿನ ಭಾಗ ಏರಿಸಬೇಡಿ, ಕಾಳೆಲ್ಲ ಅಲ್ಲೇ ಇದೆ. ಹಸಿರಿನ ಭಾಗದಿಂದ ಮುಖ ಕಟ್ಟಿ.

ಹೆಜ್ಜೆ 10: ಹಿಂದಿರುಗಿ ಕೊಡುವುದು

ಚಿತ್ರದಲ್ಲಿ ಇರುವವರಿಗೆ 4x6 ಇಂಚಿನ ಪ್ರಿಂಟ್ ಒಯ್ದು ಕೊಡಿ. ಫೋನಿಗೆ ಕಳಿಸಿದ್ದು ಮೂರು ದಿನದಲ್ಲಿ ಮರೆತುಹೋಗುತ್ತದೆ, ಪ್ರಿಂಟ್ ಮಾತ್ರ ಅಂಗಡಿಯ ದೇವರ ಪಟದ ಪಕ್ಕ ಸಿಕ್ಕಿಸಿಕೊಳ್ಳುತ್ತಾರೆ. ಜಲವರ್ಣವಾದರೆ ಅದರ ಫೋಟೋ ಪ್ರತಿಯಾದರೂ ಸರಿ. ವಾರದೊಳಗೆ, ಅದೇ ಹೊತ್ತಿಗೆ, ಬೋಣಿಯಾದ ಮೇಲೆ ಹೋಗಿ. ಜಾಹೀರಾತಿಗೋ ಕ್ಯಾಲೆಂಡರಿಗೋ ಮಾರುವ ಯೋಚನೆ ಇದ್ದರೆ ಆಗಲೇ ಹೇಳಿ, ಒಪ್ಪಿಗೆಯನ್ನು ಅವರ ಭಾಷೆಯಲ್ಲಿ ಬರೆಸಿಕೊಳ್ಳಿ. ಕೊಡುವ ಮೊದಲು ಪ್ರಿಂಟಿಗೆ ಲ್ಯಾಮಿನೇಷನ್ ಮಾಡಿಸಿ, ಅಂಚು ಪೂರ್ತಿ ಮುಚ್ಚಿರಲಿ. ದಿನಕ್ಕೆ ಹತ್ತು ಸಲ ನೀರು ಚಿಮುಕಿಸುವ ಜಾಗ ಅದು, ಬರೀ ಕಾಗದವಾದರೆ ಒಂದು ವಾರವೂ ಉಳಿಯುವುದಿಲ್ಲ.